ಜೈಪುರ, ಜೋಧ್‌ಪುರ, ಉದಯಪುರ: ಇಬ್ಬರೇ ಹೊರಡುವವರಿಗೆ

ಮದುವೆಯಾದ ಹೊಸತರಲ್ಲಿ ಊಟಿ, ಕೊಡಗು, ಮುನ್ನಾರ್ ಕಡೆ ಹೊರಡುವುದು ನಮ್ಮಲ್ಲಿ ರೂಢಿ. ಕೋಟೆ, ಅರಮನೆ ಅಂದರೆ ಶಾಲೆಯ ಪ್ರವಾಸ, ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಇಸವಿ ಒಪ್ಪಿಸುವ ಮೇಷ್ಟ್ರು ನೆನಪಾಗುತ್ತಾರೋ ಏನೋ, ಹನಿಮೂನಿಗೆ ಹಳೆಯ ರಾಜಧಾನಿಗಳನ್ನು ಆರಿಸಿಕೊಳ್ಳುವವರು ಕಡಿಮೆ. ಮಂಜು ನೋಡಿ ಮುಗಿಸಲು ಒಂದು ಬೆಳಿಗ್ಗೆ ಸಾಕು. ಕತೆಯಿರುವ ಊರಿನಲ್ಲಿ ಮಾತಿಗೆ ಬರವಿಲ್ಲ. ಇಬ್ಬರೇ ಒಂದು ವಾರ ಜೊತೆಗಿರಬೇಕಾದಾಗ ಅದು ಸಣ್ಣ ಲಾಭವಲ್ಲ. ಹದಿನೈದು ವರ್ಷ ಸಂಸಾರ ಮಾಡಿ, ಮಕ್ಕಳನ್ನು ಅಜ್ಜಿ ಮನೆಗೆ ಬಿಟ್ಟು ಹೊರಟವರಿಗಂತೂ ಇದು ಇನ್ನೂ ದೊಡ್ಡ ಲಾಭ.

ರಾಜಸ್ಥಾನ ಎಂದ ಕೂಡಲೇ ಟ್ರಾವೆಲ್ಸ್‌ನವರು ಕೈಗಿಡುವ ಪಟ್ಟಿಯಲ್ಲಿ ಜೈಪುರ, ಬಿಕಾನೇರ್, ಜೈಸಲ್ಮೇರ್, ಜೋಧ್‌ಪುರ, ಮೌಂಟ್ ಅಬು, ಉದಯಪುರ ಎಲ್ಲವೂ ಏಳು ದಿನದೊಳಗೆ ಇರುತ್ತವೆ. ಹಾಗೆ ಹೋದರೆ ಅರ್ಧ ಪ್ರವಾಸ ಕಾರಿನ ಹಿಂದಿನ ಸೀಟಿನ ತೂಕಡಿಕೆಯಲ್ಲೇ ಕಳೆಯುತ್ತದೆ. ಜೋಡಿಯಾಗಿ ಹೋಗುವವರಿಗೆ ಮೂರೇ ಊರು ಸಾಕು, ಎಂಟು ದಿನ ಬೇಕು. ಜೈಪುರಕ್ಕೆ ಮೂರು, ಜೋಧ್‌ಪುರಕ್ಕೆ ಎರಡು, ಉದಯಪುರಕ್ಕೆ ಮೂರು. ದಿನಕ್ಕೆ ಒಂದೇ ದೊಡ್ಡ ಅರಮನೆ. ಎರಡನೆಯದಕ್ಕೆ ಕಾಲಿಡುವ ಹೊತ್ತಿಗೆ ಕನ್ನಡಿ ಕೆಲಸ, ಕತ್ತಿ, ಪಲ್ಲಕ್ಕಿ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ. ಜಗಳ ಶುರುವಾಗುವುದೂ ಅಲ್ಲೇ.

ಊರುಗಳ ಸರದಿಯೂ ಮುಖ್ಯ. ಜೈಪುರ ಮೊದಲು, ಉದಯಪುರ ಕೊನೆಗೆ. ಜೈಪುರದ್ದು ಗದ್ದಲ, ಜೋಧ್‌ಪುರದ್ದು ಬಂಡೆಯ ಗಾಂಭೀರ್ಯ, ಉದಯಪುರದ್ದು ನೀರಿನ ನಿಧಾನ. ಉದಯಪುರದ ಕೆರೆದಂಡೆಗಳಲ್ಲಿ ಮೂರು ದಿನ ಕೂತು ಬಂದವರಿಗೆ ಜೈಪುರದ ಹಾರ್ನ್ ಸದ್ದು ತಡೆಯಲಾಗುವುದಿಲ್ಲ. ತಿರುವುಮುರುವಾಗಿ ಹೋಗಿ ಬಂದವರೆಲ್ಲ ಹೇಳುವ ಮಾತಿದು.

ಕಾಲ ಅಕ್ಟೋಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯನ್ನು ನಮ್ಮವರು ಲಘುವಾಗಿ ಎಣಿಸುತ್ತಾರೆ. ಬೆಂಗಳೂರಿನ ಚಳಿಗೆ ಹಾಕುವ ತೆಳು ಸ್ವೆಟರ್ ಅಲ್ಲಿ ಸಾಲದು. ಮಧ್ಯಾಹ್ನ ಅದೇ ಊರಿನಲ್ಲಿ ಬಿಸಿಲು ಚುರುಗುಟ್ಟುವುದರಿಂದ ಒಂದರ ಮೇಲೊಂದು ಹಾಕಿ ಕಳಚುವಂಥ ಬಟ್ಟೆಯೇ ಸರಿ. ಏಪ್ರಿಲ್‌ನಿಂದ ಜೂನ್‌ವರೆಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹೋಟೆಲ್ ಅಗ್ಗ ಎಂದು ಆಸೆಪಟ್ಟು ಹೋಗಬೇಡಿ. ಉದಯಪುರ ಒಂದನ್ನೇ ನೋಡುವುದಾದರೆ ಆಗಸ್ಟ್, ಸೆಪ್ಟೆಂಬರ್ ಕೂಡ ಚೆನ್ನ. ಮಳೆ ಬಿದ್ದ ವರ್ಷ ಕೆರೆಗಳು ತುಂಬಿ, ಸುತ್ತಲಿನ ಅರಾವಳಿ ಬೆಟ್ಟ ಹಸಿರಾಗಿರುತ್ತದೆ. ಬಿಸಿಲು ಸ್ವಲ್ಪ ಏರಿದರೂ ಪರವಾಗಿಲ್ಲ ಎನ್ನುವವರು ಚೈತ್ರಮಾಸದ ಗಣಗೌರ್ ಹಬ್ಬಕ್ಕೆ ಹೊಂದಿಸಿಕೊಳ್ಳಬಹುದು. ನಮ್ಮ ಗೌರಿಯೇ ಅಲ್ಲಿಯೂ ಗೌರಿ. ಮದುವೆಯಾದವರು ಗಂಡನಿಗಾಗಿ, ಆಗದವರು ಒಳ್ಳೆಯ ಗಂಡಿಗಾಗಿ ಪೂಜಿಸುತ್ತಾರೆ. ಜೈಪುರದಲ್ಲಿ ಅರಮನೆಯಿಂದ ಮೆರವಣಿಗೆ ಹೊರಡುತ್ತದೆ, ಉದಯಪುರದಲ್ಲಿ ಗಣಗೌರ್ ಘಾಟ್‌ಗೆ ಗೌರಿಯನ್ನು ತರುತ್ತಾರೆ.

ಹೊರಡುವ ಮುನ್ನ ಒಂದು ಕತೆ ತಿಳಿದಿರಲಿ. ಮೂರೂ ಊರನ್ನು ಬೆಸೆಯುವ ಕತೆ ಅದು, ಪ್ಯಾಕೇಜಿನ ಗೈಡುಗಳು ಸಾಮಾನ್ಯವಾಗಿ ಹೇಳದ್ದು. ಉದಯಪುರದ ಮಹಾರಾಣಾ ಭೀಮ್ ಸಿಂಗ್‌ನ ಮಗಳು ಕೃಷ್ಣಕುಮಾರಿ. ಎಳೆಯ ವಯಸ್ಸಿನಲ್ಲೇ ಜೋಧ್‌ಪುರದ ರಾಜನೊಂದಿಗೆ ನಿಶ್ಚಿತಾರ್ಥವಾಗಿತ್ತು. ಅವನು 1803ರಲ್ಲಿ ತೀರಿಕೊಂಡ. ಆಮೇಲೆ ಜೈಪುರದ ಜಗತ್ ಸಿಂಗ್‌ಗೆ ಮಾತಾಯಿತು. ಜೋಧ್‌ಪುರದ ಗದ್ದುಗೆಗೆ ಬಂದಿದ್ದ ಮಾನ್ ಸಿಂಗ್, ಈ ಹುಡುಗಿ ನಮ್ಮ ಮನೆತನಕ್ಕೆ ಗೊತ್ತಾದವಳು ಎಂದು ಎದ್ದು ನಿಂತ. ಯುದ್ಧವಾಯಿತು. 1807ರಲ್ಲಿ ಜೈಪುರದ ಸೈನ್ಯ ಜೋಧ್‌ಪುರವನ್ನೇ ಮುತ್ತಿತು, ಕೋಟೆ ಮಾತ್ರ ಬೀಳಲಿಲ್ಲ. ಇಬ್ಬರಲ್ಲಿ ಯಾರಿಗೆ ಕೊಟ್ಟರೂ ಇನ್ನೊಬ್ಬ ಉಳಿಸುವುದಿಲ್ಲ ಎಂಬ ಹೆದರಿಕೆಯಲ್ಲಿ 1810ರಲ್ಲಿ ಆ ಹುಡುಗಿಗೆ ವಿಷ ಕುಡಿಸಲಾಯಿತು. ಆಗ ಅವಳಿಗೆ ಹದಿನಾರು. ಅರಮನೆಗಳಲ್ಲಿ ಪ್ರೇಮ ಹುಡುಕಿ ಹೋಗುವವರು ಇದನ್ನೂ ಜೊತೆಯಲ್ಲಿಟ್ಟುಕೊಂಡು ಹೋಗುವುದು ನ್ಯಾಯ.

ಜೈಪುರವನ್ನು 1727ರಲ್ಲಿ ಸವಾಯಿ ಜೈ ಸಿಂಗ್ ಕಟ್ಟಿಸಿದ. ನಕ್ಷೆ ಹಾಕಿದವರು ಬಂಗಾಳ ಮೂಲದ ವಿದ್ಯಾಧರ ಭಟ್ಟಾಚಾರ್ಯ. ನೇರ ರಸ್ತೆಗಳು, ಚೌಕಗಳು, ಒಂದೇ ಅಳತೆಯ ಅಂಗಡಿಸಾಲು ಎಲ್ಲ ಮೊದಲೇ ಲೆಕ್ಕ ಹಾಕಿದ್ದು. ಗುಲಾಬಿ ಬಣ್ಣ ಮಾತ್ರ ಆಮೇಲಿನದು. 1876ರಲ್ಲಿ ಬ್ರಿಟನ್ನಿನ ಯುವರಾಜನ ಭೇಟಿಗೆಂದು ಬಳಿದದ್ದು ಇಂದಿಗೂ ಊರಿನ ಗುರುತಾಗಿ ಉಳಿದಿದೆ. ಆಮೇರ್ ಕೋಟೆ, ಹವಾ ಮಹಲ್, ಜಂತರ್ ಮಂತರ್, ನಾಹರ್‌ಗಢ, ಆಲ್ಬರ್ಟ್ ಹಾಲ್ ಎಲ್ಲಕ್ಕೂ ಸೇರಿಸಿ ಕೊಡುವ ಸಂಯುಕ್ತ ಟಿಕೆಟ್ ಕೊಳ್ಳಿ. ಎರಡು ದಿನ ನಡೆಯುತ್ತದೆ, ಪ್ರತಿ ಕಡೆ ಸಾಲು ನಿಲ್ಲುವುದೂ ತಪ್ಪುತ್ತದೆ. ಸಿಟಿ ಪ್ಯಾಲೇಸ್ ರಾಜಮನೆತನದ ಟ್ರಸ್ಟಿನದಾದ್ದರಿಂದ ಅದಕ್ಕೆ ಟಿಕೆಟ್ ಬೇರೆ.

ಹವಾ ಮಹಲ್ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಬಿದ್ದಾಗಲೇ ಅದರ ಕೆಂಪುಗಲ್ಲು ಹೊಳೆಯುವುದು. ಫೋಟೋಕ್ಕೆ ಎದುರುಗಡೆಯ ಮಹಡಿ ಮೇಲಿನ ಕೆಫೆಗಳೇ ಸರಿಯಾದ ಜಾಗ, ಒಂದು ಕಾಫಿ ಕೊಂಡರೆ ಮುಗಿಯಿತು. ಫೋಟೋ ತೆಗೆದು ಅಲ್ಲಿಂದಲೇ ಹೊರಟುಬಿಡುವವರು ಬಹಳ. ಒಳಗೆ ಹೋಗಿ. ಬಾಗಿಲು ಹಿಂಬದಿಯಲ್ಲಿದೆ. 1799ರಲ್ಲಿ ಸವಾಯಿ ಪ್ರತಾಪ್ ಸಿಂಗ್ ಕಟ್ಟಿಸಿದ ಈ ಐದು ಅಂತಸ್ತಿನ ಕಟ್ಟಡ ಮೇಲ್ಮೇಲಕ್ಕೆ ಹೋದಂತೆ ಒಂದು ಕೋಣೆಯಷ್ಟೇ ದಪ್ಪ. ಮೆಟ್ಟಿಲಿಗಿಂತ ಇಳಿಜಾರು ದಾರಿಯೇ ಹೆಚ್ಚು. ಕಲ್ಲಿನ ಜಾಲರಿಯ ನಡುನಡುವೆ ಅಂಗೈ ಅಗಲದ ಪುಟ್ಟ ಕಿಟಕಿಗಳಿವೆ. ಒಂದಕ್ಕೆ ಕಣ್ಣಿಟ್ಟು ಕೆಳಗೆ ನೋಡಿ: ಬೀದಿಯಲ್ಲಿ ಚೌಕಾಸಿ, ಸೈಕಲ್ ರಿಕ್ಷಾ, ಹೂವಿನವಳು ಎಲ್ಲ ಸ್ಪಷ್ಟ, ಬೀದಿಯಿಂದ ನಿಮ್ಮ ಮುಖ ಯಾರಿಗೂ ಕಾಣದು. ಊರಿನ ಹಬ್ಬ ಜಾತ್ರೆಗಳನ್ನು ಅಂತಃಪುರದವರು ಇಷ್ಟಗಲದಲ್ಲಿ ನೋಡಿದರು. 953 ಕಿಟಕಿಗಳ ಲೆಕ್ಕವನ್ನು ಎಲ್ಲ ಗೈಡುಗಳೂ ಹೇಳುತ್ತಾರೆ, ಒಂದರ ಮುಂದೆ ಐದು ನಿಮಿಷ ಕೂರಿ ಎಂದು ಹೇಳುವವರಿಲ್ಲ.

ಆಮೇರ್ ಕೋಟೆಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಇರಬೇಕು. ಹತ್ತು ಗಂಟೆಯ ಮೇಲೆ ಬಸ್ಸುಗಳು ಬರುತ್ತವೆ. ಆನೆ ಸವಾರಿ ಬೇಡ. ಕಾದ ಕಲ್ಲುದಾರಿಯಲ್ಲಿ ದಿನವಿಡೀ ಭಾರ ಹೊರುವ ಆನೆಗಳ ಸ್ಥಿತಿ ಕಂಡವರಿಗೆ ಅದರ ಮೇಲೆ ಕೂತು ಸೆಲ್ಫಿ ತೆಗೆಯುವ ಮನಸ್ಸಾಗದು. ನಡೆದರೆ ಹದಿನೈದು ನಿಮಿಷ, ಆಗದವರಿಗೆ ಜೀಪುಗಳಿವೆ. ಶೀಶ್ ಮಹಲ್ ಒಳಗೆ ಈಗ ಬಿಡುವುದಿಲ್ಲ, ಹೊರ ಅಂಚಿನಿಂದಲೇ ನೋಡಬೇಕು. ಹಾಗಿದ್ದರೂ ಚಾವಣಿಯ ಉಬ್ಬುಗನ್ನಡಿಯ ಚೂರುಗಳಲ್ಲಿ ನಿಮ್ಮಿಬ್ಬರ ನೂರಾರು ಪುಟ್ಟ ಪ್ರತಿಬಿಂಬ ಮೂಡುವುದನ್ನು ನೋಡಲು ತಲೆ ಎತ್ತಿದರೆ ಸಾಕು. ಜಲ್ ಮಹಲ್‌ಗೆ ಪ್ರತ್ಯೇಕ ಸಮಯ ಇಡಬೇಡಿ. ಒಳಗೆ ಪ್ರವೇಶವಿಲ್ಲ, ಆಮೇರ್ ದಾರಿಯಲ್ಲೇ ಸಿಗುತ್ತದೆ, ಹತ್ತು ನಿಮಿಷ ಇಳಿದು ನೋಡಿದರಾಯಿತು.

ಸಿಟಿ ಪ್ಯಾಲೇಸಿನಲ್ಲಿ ಪ್ರೀತಮ್ ನಿವಾಸ್ ಚೌಕದ ನಾಲ್ಕು ಬಾಗಿಲುಗಳು ನಾಲ್ಕು ಋತುಗಳಿಗೆ. ನವಿಲಿನ ಬಾಗಿಲಿನ ಮುಂದೆ ಫೋಟೋದವರ ಜಾತ್ರೆ, ಗುಲಾಬಿ ದಳದ ಬಾಗಿಲಿನ ಮುಂದೆ ಜನ ಕಡಿಮೆ, ಅಂದವೇನೂ ಕಡಿಮೆಯಿಲ್ಲ. ಅಲ್ಲೇ ಎರಡು ಭಾರೀ ಬೆಳ್ಳಿ ಹಂಡೆಗಳಿವೆ. ಒಂದೊಂದೂ 345 ಕಿಲೋ. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ಸಮುದ್ರ ದಾಟಿ ಹೋದ ಸವಾಯಿ ಮಾಧೋ ಸಿಂಗ್, ಅಲ್ಲಿನ ನೀರು ಕುಡಿಯಲೊಲ್ಲದೆ ಇವುಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದ. ಪ್ರವಾಸಕ್ಕೆ ಮನೆಯ ನೀರಿನ ಬಾಟಲಿ ಹೊರುವ ಗಂಡನನ್ನು ಗೇಲಿ ಮಾಡುವವರು ಇದನ್ನು ನೋಡಲೇಬೇಕು.

ಸಂಜೆಗೆ ನಾಹರ್‌ಗಢ. ಇದೇ ಮಾಧೋ ಸಿಂಗ್ ಕಾಲದ ಮಾಧವೇಂದ್ರ ಭವನದಲ್ಲಿ ಒಂಬತ್ತು ರಾಣಿಯರಿಗೆ ಒಂಬತ್ತು ಒಂದೇ ತೆರನ ಮನೆ, ರಾಜನ ಕೋಣೆಯಿಂದ ಎಲ್ಲಕ್ಕೂ ಓಣಿಯ ಸಂಪರ್ಕ. ಹೊಸ ಜೋಡಿಗಳು ಇದರ ಬಗ್ಗೆ ಚರ್ಚೆ ಮಾಡದೆ ನೇರ ಮಾಳಿಗೆಗೆ ಹೋಗುವುದು ಕ್ಷೇಮ. ಕೆಳಗೆ ಇಡೀ ಜೈಪುರದಲ್ಲಿ ದೀಪಗಳು ಹೊತ್ತಿಕೊಳ್ಳುವುದು ಕಾಣುತ್ತದೆ. ವಾಪಸಾಗಲು ಟ್ಯಾಕ್ಸಿಯನ್ನು ಕಾಯಿಸಿಕೊಂಡೇ ಇರಿ, ಕತ್ತಲಾದ ಮೇಲೆ ಮೇಲೆ ಗಾಡಿ ಸಿಗುವುದು ಕಷ್ಟ.

ಕೊಳ್ಳುವುದಿದ್ದರೆ ಮಣಿಹಾರೋಂ ಕಾ ರಾಸ್ತಾ ಎಂಬ ಬಳೆಗಾರರ ಬೀದಿಗೆ ಹೋಗಿ. ಕೆಂಡದ ಮೇಲೆ ಅರಗನ್ನು ಕಾಯಿಸಿ, ಮರದ ಹಿಡಿಯಿಂದ ಉರುಳಿಸಿ ಎಳೆ ಮಾಡಿ, ಬಣ್ಣದ ಅರಗನ್ನು ಮೇಲೆ ಸವರಿ, ದುಂಡು ಕಟ್ಟಿಗೆಗೆ ಏರಿಸಿ ಅಳತೆ ಸರಿಮಾಡುತ್ತಾರೆ. ಬಿಸಿಯಿರುವಾಗಲೇ ಪುಟ್ಟ ಕನ್ನಡಿ ಚೂರುಗಳನ್ನು ಒತ್ತುತ್ತಾರೆ. ಕೈ ಅಳತೆ ಕೊಟ್ಟರೆ ಎದುರಿಗೇ ಬಳೆ ಮಾಡಿಕೊಡುತ್ತಾರೆ. ಜೈಪುರದಲ್ಲಿ ಪ್ರೀತಿಯ ಉಡುಗೊರೆ ಎಂದರೆ ಇದು. ಆಟೋದವರು ಕರೆದೊಯ್ಯುವ ‘ಸರ್ಕಾರಿ’ ರತ್ನದ ಅಂಗಡಿಗಳ ಕಡೆ ತಲೆ ಹಾಕಬೇಡಿ, ಅಲ್ಲಿನ ಬೆಲೆಯಲ್ಲಿ ಕರೆತಂದವನ ಕಮಿಷನ್ನೂ ಸೇರಿರುತ್ತದೆ.

ಜೈಪುರದ ಮುಖ್ಯ ರಸ್ತೆ ಎಂ.ಐ. ರೋಡ್. ಆ ಎಂ.ಐ. ನಮ್ಮವರೇ, ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿ ಬೃಂದಾವನ ಉದ್ಯಾನವನ್ನು ಮಾಡಿಸಿದವರು, ಮರುವರ್ಷ ಜೈಪುರದ ಪ್ರಧಾನಿಯಾಗಿ ಹೋಗಿ ಕೋಟೆಗೋಡೆಯ ಹೊರಗಿನ ಊರನ್ನು ತಿದ್ದಿ ಬೆಳೆಸಿದರು. ಆ ರಸ್ತೆಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಕೊಡುವ ಲಸ್ಸಿ ಮಧ್ಯಾಹ್ನದೊಳಗೆ ಖಾಲಿಯಾಗಿಬಿಡುತ್ತದೆ.

ಜೈಪುರದಿಂದ ಜೋಧ್‌ಪುರಕ್ಕೆ ಸುಮಾರು 340 ಕಿಲೋಮೀಟರ್. ರೈಲೇ ಸುಖ. ಐದಾರು ಗಂಟೆಯ ಹಗಲು ಪ್ರಯಾಣ. ಊರು 1459ರಲ್ಲಿ ರಾವ್ ಜೋಧಾ ಕಟ್ಟಿದ್ದು, ಮೆಹರಾನ್‌ಗಢ ಕೋಟೆಯೂ ಅಂದೇ ಶುರುವಾದದ್ದು. ಊರಿನಿಂದ ನಾನೂರು ಅಡಿ ಎತ್ತರದ ಬಂಡೆಯ ಮೇಲೆ ಬಂಡೆಯೇ ಬೆಳೆದು ಗೋಡೆಯಾದಂತೆ ನಿಂತಿದೆ. ಮೂರು ಊರಿನಲ್ಲಿ ಒಂದೇ ಕೋಟೆ ನೋಡಲು ಸಮಯವಿದ್ದರೆ ಇದನ್ನೇ ನೋಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆಡಿಯೋ ಗೈಡ್ ತಪ್ಪದೆ ತೆಗೆದುಕೊಳ್ಳಿ, ನಮ್ಮ ದೇಶದಲ್ಲಿ ಇಷ್ಟು ಚೆನ್ನಾಗಿ ಮಾಡಿದ್ದು ಅಪರೂಪ. ಮಂಡಿನೋವಿನವರಿಗೆ ಲಿಫ್ಟ್ ಇದೆ.

ಮೊದಲು ಸಿಗುವ ಜೈ ಪೋಲ್ ಎಂಬ ಹೆಬ್ಬಾಗಿಲು ಮಾನ್ ಸಿಂಗ್ ಕಟ್ಟಿಸಿದ ವಿಜಯದ್ವಾರ. ಯಾವ ವಿಜಯ? ಕೃಷ್ಣಕುಮಾರಿಗಾಗಿ ಬಂದ ಜೈಪುರದ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು. ಸ್ವಲ್ಪ ಮುಂದೆ ಗೋಡೆಯಲ್ಲಿ ಆ ಮುತ್ತಿಗೆಯ ತೋಪಿನ ಗುಂಡು ಬಡಿದ ಗುಳಿಗಳನ್ನು ಗುರುತು ಹಾಕಿ ತೋರಿಸಿದ್ದಾರೆ. ಒಳಗಿನ ಲೋಹಾ ಪೋಲ್ ಪಕ್ಕದ ಗೋಡೆಯಲ್ಲಿ ಪುಟ್ಟ ಪುಟ್ಟ ಕೈಗಳ ಅಚ್ಚು, ಕುಂಕುಮ ಬಳಿದು ಹೂವಿಟ್ಟಿರುತ್ತಾರೆ. 1843ರಲ್ಲಿ ಅದೇ ಮಾನ್ ಸಿಂಗ್ ಸತ್ತಾಗ ಸಹಗಮನಕ್ಕೆ ಹೊರಟ ಅವನ ರಾಣಿಯರವು. ಗುಂಪುಗಳು ಇದನ್ನು ದಾಟಿ ಓಡುತ್ತವೆ. ಆ ಅಚ್ಚುಗಳ ಅಳತೆ ನೋಡಿದರೆ ಹೆಚ್ಚಿನವು ಎಳೆಯರ ಕೈ ಎಂದು ತಿಳಿಯಲು ಗೈಡ್ ಬೇಕಿಲ್ಲ.

ಮೇಲೆ ತಖತ್ ವಿಲಾಸದ ಚಾವಣಿಯಿಂದ ಬಣ್ಣದ ಗಾಜಿನ ಚೆಂಡುಗಳು ತೂಗುತ್ತವೆ, ಕ್ರಿಸ್‌ಮಸ್ ಮರಕ್ಕೆ ಕಟ್ಟುವಂಥವು. ಹತ್ತೊಂಬತ್ತನೇ ಶತಮಾನದ ರಾಜನೊಬ್ಬನಿಗೆ ಹೊಸ ಫ್ಯಾಷನ್ ತಟ್ಟಿದ್ದು ಹೀಗೆ. ಕೋಟೆಯ ದಕ್ಷಿಣ ತುದಿಯ ತೋಪುಗಳ ಸಾಲಿಗೆ ಹೋದರೆ ಕೆಳಗೆ ನೀಲಿ ಮನೆಗಳು. ಇಳಿಯುವಾಗ ಕಾರಿನ ದಾರಿ ಬಿಟ್ಟು ಹಿಂದಿನ ಫತೇಹ್ ಪೋಲ್ ಮೂಲಕ ನಡೆದೇ ಇಳಿಯಿರಿ. ಹಳೆಯ ಬ್ರಹ್ಮಪುರಿಯ ನೀಲಿ ಓಣಿಗಳು ಅಲ್ಲೇ ಇವೆ. ಮನೆಗಳ ಬಾಗಿಲೆದುರು ಫೋಟೋ ತೆಗೆಯುವ ಮುನ್ನ ಕೇಳುವುದು ಮರ್ಯಾದೆ, ಅದು ಸೆಟ್ ಅಲ್ಲ, ಜನ ವಾಸಿಸುವ ಕೇರಿ. ಸಂಜೆ ತೂರ್‌ಜಿ ಕಾ ಝಾಲ್ರಾ ಎಂಬ ಹದಿನೆಂಟನೇ ಶತಮಾನದ ಮೆಟ್ಟಿಲು ಬಾವಿಯ ಅಂಚಿನಲ್ಲಿ ಕೂರಬಹುದು. ಊರ ಹುಡುಗರು ಎತ್ತರದಿಂದ ಧುಮುಕುತ್ತಾರೆ, ಪುಕ್ಕಟೆ ಮನರಂಜನೆ.

ಉಮೈದ್ ಭವನ ಈಗ ಮುಖ್ಯವಾಗಿ ಹೋಟೆಲ್, ಒಂದು ಪಾಲು ರಾಜಮನೆತನದ ವಾಸಕ್ಕೆ, ಸಣ್ಣ ಭಾಗ ಮ್ಯೂಸಿಯಂ. ಬರಗಾಲದಲ್ಲಿ ಜನರಿಗೆ ಕೂಲಿ ಕೊಡಲೆಂದು 1929ರಲ್ಲಿ ಶುರುಮಾಡಿ 1943ರಲ್ಲಿ ಮುಗಿಸಿದ 347 ಕೋಣೆಗಳ ಅರಮನೆ ಅದು. ಮ್ಯೂಸಿಯಂ ಸಾಧಾರಣ. ಸಮಯ ಕಡಿಮೆಯಿದ್ದರೆ ಬಿಟ್ಟು, ಘಂಟಾಘರ್ ಸುತ್ತಲಿನ ಸರ್ದಾರ್ ಮಾರ್ಕೆಟ್‌ನಲ್ಲಿ ಮಿರ್ಚಿ ಬಡಾ, ಮಾವಾ ಕಚೋರಿ ತಿನ್ನಿ. ಮಿರ್ಚಿ ಬಡಾ ನಮ್ಮ ಮೆಣಸಿನಕಾಯಿ ಬಜ್ಜಿಯ ದೊಡ್ಡಣ್ಣ, ಒಳಗೆ ಆಲೂ ಪಲ್ಯ ತುಂಬಿರುತ್ತದೆ. ಊಟಕ್ಕೆ ದಾಲ್ ಬಾಟಿ ಒಂದೇ ಹೊತ್ತು ಸಾಕು, ತುಪ್ಪ ಹೊಟ್ಟೆಯಲ್ಲಿ ಬಿಗಿಯಾಗಿ ಕೂರುತ್ತದೆ. ಅನ್ನ ಎಲ್ಲ ಕಡೆ ಸಿಗುತ್ತದೆ, ಸಾರು ನಿರೀಕ್ಷಿಸಬೇಡಿ.

ಜೋಧ್‌ಪುರದಿಂದ ಉದಯಪುರಕ್ಕೆ ಮಾತ್ರ ಕಾರು ಮಾಡಿ. ಸುಮಾರು 250 ಕಿಲೋಮೀಟರ್ ದಾರಿಯ ನಡುವೆ ರಾಣಕಪುರದ ಜೈನ ದೇಗುಲ ಸಿಗುತ್ತದೆ. ಹದಿನೈದನೇ ಶತಮಾನದ್ದು, 1444 ಕಂಬಗಳು. ಮೂಡಬಿದಿರೆಯ ಸಾವಿರ ಕಂಬದ ಬಸದಿಯೂ ಅದೇ ಶತಮಾನದ್ದೇ, 1430ರದ್ದು. ಅದನ್ನು ನೋಡಿದವರಿಗೆ ಕರಿಕಲ್ಲಿಗೂ ಬಿಳಿ ಅಮೃತಶಿಲೆಗೂ ಎಷ್ಟು ದೂರ ಎಂಬುದು ಇಲ್ಲಿ ತಿಳಿಯುತ್ತದೆ. ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನ 12ರ ನಂತರ, ಅದಕ್ಕೆ ತಕ್ಕಂತೆ ಜೋಧ್‌ಪುರ ಬಿಡಿ. ಮೈತುಂಬ ಬಟ್ಟೆ ಬೇಕು, ಚರ್ಮದ ಬೆಲ್ಟು, ಪರ್ಸು ಹೊರಗಿಡಬೇಕು.

ಉದಯಪುರವನ್ನು ಎರಡನೇ ಉದಯ ಸಿಂಗ್ 1559ರಲ್ಲಿ ಪಿಛೋಲಾ ಕೆರೆಯ ದಂಡೆಯಲ್ಲಿ ಸ್ಥಾಪಿಸಿದ. ಸಿಟಿ ಪ್ಯಾಲೇಸ್ ಅಂದಿನಿಂದ ನಾನೂರು ವರ್ಷ ತಲೆಮಾರುಗಳು ಸೇರಿಸುತ್ತ ಹೋದದ್ದು. ಇಲ್ಲಿಗೆ ಬಂದವರು ಮೋರ್ ಚೌಕದ ಗಾಜಿನ ನವಿಲುಗಳಿಗೆ ಮುತ್ತಿಕೊಳ್ಳುತ್ತಾರೆ. ನೀವು ಕೃಷ್ಣ ವಿಲಾಸವನ್ನು ಹುಡುಕಿ. ಸಣ್ಣ ಕೋಣೆ, ಗೋಡೆ ತುಂಬ ಮೇವಾಡ ಶೈಲಿಯ ಚಿಕಣಿ ಚಿತ್ರಗಳು. ವಿಷ ಕುಡಿದ ಕೃಷ್ಣಕುಮಾರಿಯ ನೆನಪಿಗೆ ಮೀಸಲಾದ ಕೋಣೆ ಇದು. ಫತೇಹ್ ಪ್ರಕಾಶದ ಕ್ರಿಸ್ಟಲ್ ಗ್ಯಾಲರಿಯ ಕತೆಯೂ ಚೆನ್ನಾಗಿದೆ. ಮಹಾರಾಣಾ ಸಜ್ಜನ್ ಸಿಂಗ್ 1877ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಗಾಜಿನ ಮೇಜು, ಕುರ್ಚಿ, ಮಂಚ ಎಲ್ಲ ತರಿಸಲು ಹೇಳಿದ. ಸಾಮಾನು ಬರುವ ಮೊದಲೇ ಅವನು ತೀರಿಕೊಂಡ, ಪೆಟ್ಟಿಗೆಗಳು ನೂರಕ್ಕೂ ಹೆಚ್ಚು ವರ್ಷ ಬಿಚ್ಚದೆ ಉಳಿದವು. ಟಿಕೆಟ್ ಬೇರೆ, ದುಬಾರಿ ಕೂಡ. ಗಾಜಿನ ಮಂಚದಲ್ಲಿ ಆಸಕ್ತಿಯಿಲ್ಲದವರು ಆ ಹಣವನ್ನು ದೋಣಿಗೆ ಉಳಿಸಿಕೊಳ್ಳಿ.

ಕೆರೆಯ ನಡುವಿನ ಬಿಳಿ ಜಗ್ ನಿವಾಸ್ 1746ರಲ್ಲಿ ಮುಗಿದ ಬೇಸಿಗೆ ಅರಮನೆ. 1960ರ ದಶಕದಿಂದ ಹೋಟೆಲ್ ಆಗಿದೆ, ಅತಿಥಿಗಳಿಗಷ್ಟೇ ಪ್ರವೇಶ. ಒಂದು ರಾತ್ರಿಯ ಬಾಡಿಗೆ ಹಲವರ ತಿಂಗಳ ಸಂಬಳ. ಬೇಸರ ಬೇಡ. ಪಕ್ಕದ ಜಗ್ ಮಂದಿರ ದ್ವೀಪಕ್ಕೆ ಸಿಟಿ ಪ್ಯಾಲೇಸಿನ ದೋಣಿಯಲ್ಲಿ ಎಲ್ಲರೂ ಹೋಗಬಹುದು. ತಂದೆ ಜಹಾಂಗೀರನ ವಿರುದ್ಧ ಬಂಡೆದ್ದ ಖುರ್ರಮ್, ಅಂದರೆ ಮುಂದೆ ತಾಜ್ ಮಹಲ್ ಕಟ್ಟಿಸಿದ ಷಹಜಹಾನ್, ಆಶ್ರಯ ಪಡೆದಿದ್ದು ಇಲ್ಲೇ. ಸಂಜೆಯ ದೋಣಿಗೆ ದರ ಹೆಚ್ಚು, ಆದರೂ ಈ ಪ್ರವಾಸದಲ್ಲಿ ಕೈ ಬಿಗಿ ಮಾಡದೆ ಖರ್ಚು ಮಾಡಬೇಕಾದದ್ದು ಇದಕ್ಕೇ. ಲಾಲ್ ಘಾಟ್‌ನಿಂದ ಅಗ್ಗದ ದೋಣಿಗಳೂ ಸಿಗುತ್ತವೆ, ಅವು ದ್ವೀಪದಲ್ಲಿ ಇಳಿಸುವುದಿಲ್ಲ. ಅರಮನೆಯ ಇಡೀ ಮುಖ ನೋಡಲು ಆಚೆ ದಡದ ಅಂಬ್ರಾಯಿ ಘಾಟ್‌ಗೆ ಹೋಗಿ. ರಾತ್ರಿ ಏಳಕ್ಕೆ ಬಾಗೋರ್ ಕಿ ಹವೇಲಿಯ ಅಂಗಳದಲ್ಲಿ ಜಾನಪದ ನೃತ್ಯ, ಬೊಂಬೆಯಾಟ. ನೆಲದ ಮೇಲೆ ಕೂರಬೇಕು, ಮುಕ್ಕಾಲು ಗಂಟೆ ಮುಂಚೆ ಹೋದವರಿಗೆ ಮುಂದಿನ ಜಾಗ. ತಲೆಯ ಮೇಲೆ ಮಡಕೆಯ ಮೇಲೆ ಮಡಕೆ ಪೇರಿಸಿಕೊಂಡು ಗಾಜಿನ ಚೂರಿನ ಮೇಲೆ ಹೆಜ್ಜೆ ಹಾಕುವ ಹೆಣ್ಣುಮಗಳನ್ನು ನೋಡಲು ಅಷ್ಟು ಮುಂಚೆ ಹೋಗಬಹುದು.

ಉಳಿಯಲು ಮೂರೂ ಊರಿನಲ್ಲಿ ಹಳೆಯ ಹವೇಲಿಗಳನ್ನು ಸಣ್ಣ ಹೋಟೆಲ್ ಮಾಡಿದ್ದಾರೆ. ಜೈಪುರ, ಜೋಧ್‌ಪುರದಲ್ಲಿ ಸಾಧಾರಣ ರೂಮು ಮಾಡಿ, ಉಳಿಸಿದ ಹಣದಲ್ಲಿ ಉದಯಪುರದಲ್ಲಿ ಕೆರೆ ಕಾಣುವ ಕೋಣೆ ಹಿಡಿಯಿರಿ. ಜಾಹೀರಾತಿನ ‘ಲೇಕ್ ವ್ಯೂ’ ಕೆಲವೆಡೆ ಮಾಳಿಗೆಯಿಂದ ಮಾತ್ರ ಇರುತ್ತದೆ, ಕೋಣೆಯ ಕಿಟಕಿಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡೇ ಹಣ ಕಟ್ಟಿ. ಇಬ್ಬರ ಗುರುತಿನ ಚೀಟಿಯೂ ಬೇಕು. ಅರಮನೆಗಳಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಎಂದು ಕ್ಯಾಮೆರಾದವರನ್ನು ಕರೆದೊಯ್ಯುವುದಾದರೆ ಮುಂಗಡ ಅನುಮತಿ, ಬೇರೆ ಶುಲ್ಕ ಎರಡೂ ಇವೆ. ಮೊಬೈಲ್ ಫೋಟೋಕ್ಕೆ ಹೆಚ್ಚಿನ ಕಡೆ ತಕರಾರಿಲ್ಲ.

ಬೆಂಗಳೂರಿನಿಂದ ಜೈಪುರಕ್ಕೂ ಉದಯಪುರಕ್ಕೂ ನೇರ ವಿಮಾನಗಳಿರುವುದರಿಂದ ಜೈಪುರದಲ್ಲಿ ಇಳಿದು ಉದಯಪುರದಲ್ಲಿ ಹತ್ತಿ ಬರಬಹುದು. ಸಮಯವಿರುವವರಿಗೆ ರೈಲು. ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧ್‌ಪುರಕ್ಕೆ ಹೋಗುವ ಗಾಡಿಯಲ್ಲಿ ಚಿಕ್ಕಪೇಟೆಯ ಮಾರ್ವಾಡಿ ಕುಟುಂಬಗಳು ಅಚ್ಚ ಕನ್ನಡದಲ್ಲಿ ಮಾತಾಡುತ್ತ ಊರಿಗೆ ಹೊರಟಿರುತ್ತವೆ, ಎಲ್ಲಿ ಏನು ತಿನ್ನಬೇಕೆಂದು ಅವರನ್ನು ಕೇಳಿ. ಉದಯಪುರದಿಂದ ಮೈಸೂರಿಗೆ ಪ್ಯಾಲೇಸ್ ಕ್ವೀನ್ ಹಮ್‌ಸಫರ್ ಎಂಬ ಗಾಡಿ ವಾರಕ್ಕೊಮ್ಮೆ ಮಾತ್ರ ಇದೆ. ಹೊರಡುವ ದಿನವನ್ನು ಹಿಂದಿರುಗುವ ಆ ಗಾಡಿಯಿಂದಲೇ ಲೆಕ್ಕ ಹಾಕಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಮದುವೆಗಳ ಕಾಲ, ಉದಯಪುರದ ಕೋಣೆಗಳು ಮೊದಲೇ ಭರ್ತಿಯಾಗುತ್ತವೆ. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಕೋಣೆಯನ್ನು ಅದಕ್ಕೂ ಮೊದಲೇ ಹಿಡಿದಿಡಿ.